ಕಾಪುವಿನಲ್ಲಿ ಕಿಕ್‌ಬಾಲ್ ಆಡಿದ ವರ್ಷ

ಮೊನ್ನೆ ಉಡುಪಿಯಲ್ಲಿ ಮಳೆ ಸ್ವಲ್ಪ ಬಿಡಲಿ ಎಂದು ಆಟದ ಸಾಮಾನಿನ ಅಂಗಡಿಯೊಂದರ ಮಾಡಿನ ಕೆಳಗೆ ನಿಂತಿದ್ದೆ. ಬಾಗಿಲ ಪಕ್ಕದಲ್ಲಿ ಬಲೆಯ ಚೀಲದಲ್ಲಿ ರಬ್ಬರಿನ ದೊಡ್ಡ ಚೆಂಡುಗಳನ್ನು ತೂಗುಹಾಕಿದ್ದರು. ಇರಚಲು ತಾಗಿ ಅವುಗಳಿಂದ ಒಂದು ವಾಸನೆ ಬರುತ್ತಿತ್ತು. ಹೊಸ ಚಪ್ಪಲಿಯದ್ದೂ ಅಲ್ಲ, ಸೈಕಲ್ ಟ್ಯೂಬಿನದ್ದೂ ಅಲ್ಲ, ಎರಡರ ನಡುವಿನದ್ದು. ಆ ವಾಸನೆ ಮೂಗಿಗೆ ಬಂದದ್ದೇ ನನ್ನ ಮೊಣಕಾಲು ನೋಯತೊಡಗಿತು. ದಿನವಿಡೀ ಜವಳಿ ಅಂಗಡಿಯಲ್ಲಿ ನಿಂತು ಸೀರೆ ಬಿಡಿಸಿ ತೋರಿಸಿ ಮತ್ತೆ ಮಡಚುವ ನನಗೆ ಕಾಲುನೋವು ಹೊಸತಲ್ಲ. ಆದರೆ ಇದು ಬೇರೆ ನೋವು. ಕೆಲವು ವರ್ಷಗಳ ಹಿಂದೆ ಕಾಪುವಿನ ಶಾಲೆಯ ಮೈದಾನದಲ್ಲಿ ಬಂದದ್ದು.

ಆ ವರ್ಷ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿದ ಮೊದಲ ವಾರವೇ ನನ್ನ ತಮ್ಮ ಸುಕೇಶ ಮಲ್ಪೆಯಿಂದ ಹೊರಟಿದ್ದ. ಆಳಸಮುದ್ರದ ಬೋಟು. ಒಂದು ರಾತ್ರಿ ಎಲ್ಲರೊಟ್ಟಿಗೆ ಊಟ ಮಾಡಿ ಮಲಗಿದವನು ಬೆಳಿಗ್ಗೆ ಬೋಟಿನಲ್ಲಿ ಇರಲಿಲ್ಲ. ಬಿದ್ದದ್ದನ್ನು ಯಾರೂ ನೋಡಿರಲಿಲ್ಲ, ಕೂಗು ಯಾರಿಗೂ ಕೇಳಿಸಿರಲಿಲ್ಲ. ಜೊತೆಯವರು ಹುಡುಕಿದರು, ಬೇರೆ ಬೋಟಿನವರು ಹುಡುಕಿದರು, ಕಾವಲು ಪಡೆಯ ಹಡಗೂ ಬಂತು. ಅಷ್ಟು ದಿನವೂ ಮಳೆ ಹೊಯ್ಯುತ್ತಲೇ ಇತ್ತು. ಕೊನೆಗೆ ಬೋಟು ನಡೆಸುವ ತಂಡೇಲ ನಮ್ಮ ಅಂಗಳಕ್ಕೆ ಬಂದು, ಕೊಡೆ ಮಡಚದೆ ನಿಂತು, "ಇನ್ನು ಎಂತ ಮಾಡುವುದು ಅಂತ ಗೊತ್ತಾಗುವುದಿಲ್ಲ" ಎಂದ.

ಮನೆಯಲ್ಲಿ ಉಳಿದವರು ಮೂವರು. ಅಮ್ಮ, ತಮ್ಮನ ಹೆಂಡತಿ ವನಜಾ, ಮತ್ತು ಮದುವೆಯಾಗದೆ ತಾಯಿಮನೆಯಲ್ಲೇ ಉಳಿದ ನಾನು. ವನಜಾ ನಮ್ಮ ಮನೆಗೆ ಬಂದು ನಾಲ್ಕು ವರ್ಷವಾಗಿತ್ತು. ಹಿರಿಯಡ್ಕದ ಕಡೆಯ ಹುಡುಗಿ. ಮದುವೆಗೆ ಮುಂಚೆ ಕಡಲನ್ನು ದೂರದಿಂದ ನೋಡಿದ್ದು ಬಿಟ್ಟರೆ ಅದರ ವಿಷಯ ಏನೂ ಗೊತ್ತಿರಲಿಲ್ಲ. ಮಕ್ಕಳಾಗಿರಲಿಲ್ಲ.

ದೇಹ ಸಿಗದಿದ್ದರೆ ಸಾವೂ ಸಿಗುವುದಿಲ್ಲ ಎಂದು ನಮಗೆ ಆಗ ತಿಳಿಯಿತು. ಸೂತಕವಿಲ್ಲ, ಉತ್ತರಕ್ರಿಯೆಯ ಬೊಜ್ಜವಿಲ್ಲ, ಬಂದವರು ಅಳಬೇಕೋ ಧೈರ್ಯ ಹೇಳಬೇಕೋ ಗೊತ್ತಾಗದೆ ಚಹಾ ಕುಡಿದು ಹೋಗುತ್ತಿದ್ದರು. ಬೇರೆ ರಾಜ್ಯದ ಬೋಟು ಯಾರನ್ನೋ ಎತ್ತಿಕೊಂಡು ಹೋಗಿ ತಿಂಗಳ ಮೇಲೆ ಊರಿಗೆ ಕಳಿಸಿದ ಕಥೆಯನ್ನು ಯಾರೋ ಹೇಳಿದರು. ಅಮ್ಮ ಆ ಕಥೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸಂಜೆಯಾದರೆ ಕಡಲ ಬದಿಗೆ ಹೋಗಿ ಕತ್ತಲಾಗುವವರೆಗೆ ನಿಂತು ಬರುತ್ತಿದ್ದಳು. ಮನೆಯಲ್ಲಿ ಸುಕೇಶನ ಬಗ್ಗೆ 'ಇದ್ದ' ಎಂದು ಹೇಳುವ ಹಾಗಿರಲಿಲ್ಲ. 'ಅವನಿಗೆ ಬಂಗುಡೆ ಪುಳಿಮುಂಚಿ ಅಂದರೆ ಆಗುತ್ತದೆ' ಎಂದೇ ಹೇಳಬೇಕು. ಬೆಳಿಗ್ಗೆ ವನಜಾ ಹಣೆಗೆ ಕುಂಕುಮ ಇಡಲು ಮರೆತರೆ ಅಮ್ಮ ತಾನೇ ಭರಣಿ ತಂದು ಎದುರಿಗೆ ಇಡುತ್ತಿದ್ದಳು. ವನಜಾ ಇಟ್ಟುಕೊಳ್ಳುತ್ತಿದ್ದಳು. ಅವಳು ಮಾತಾಡುವುದೇ ನಿಂತುಹೋಗಿತ್ತು.

ನನಗೆ ಬೆಳಿಗ್ಗೆ ಬಸ್ಸು, ರಾತ್ರಿ ಬಸ್ಸು, ನಡುವೆ ಸೀರೆ. ಮದುವೆಗೆಂದು ಬಟ್ಟೆ ತೆಗೆಯಲು ಬಂದವರ ಎದುರು ನಗಬೇಕು. ಮನೆಗೆ ಬಂದರೆ ನಗಬಾರದು. ಎರಡನ್ನೂ ಮಾಡಿ ಮಾಡಿ ನನ್ನ ಮುಖದ ಸ್ನಾಯುಗಳು ಸೋತುಹೋದ ಹಾಗೆ ಅನಿಸುತ್ತಿತ್ತು.

ಅಂಥದ್ದರಲ್ಲಿ ದೀಪಾವಳಿ ಕಳೆದ ಮೇಲೆ ಜೆಸಿಂತಾ ಬಾಯಿ ಒಂದು ಭಾನುವಾರ ನನ್ನನ್ನು ದಾರಿಯಲ್ಲಿ ಹಿಡಿದು ನಿಲ್ಲಿಸಿದರು. ಅವರ ಮನೆ ನಮ್ಮಿಂದ ನಾಲ್ಕು ಮನೆ ಆಚೆ. ಕುವೈಟಿನಲ್ಲಿ ವಿದೇಶಿ ಮಕ್ಕಳ ಒಂದು ಶಾಲೆಯ ಆಫೀಸಿನಲ್ಲಿ ತುಂಬಾ ವರ್ಷ ಕೆಲಸ ಮಾಡಿ, ಗಂಡ ತೀರಿದ ಮೇಲೆ ಊರಿಗೆ ಬಂದವರು. ಬಂದ ವರ್ಷವೇ ನಮ್ಮ ಮಹಿಳಾ ಮಂಡಳಿಗೆ ಸೇರಿ, ಮರುವರ್ಷವೇ ಅದರ ಅಧ್ಯಕ್ಷೆ.

"ಮಂಡಳಿಯ ಆಟೋಟದಲ್ಲಿ ಸಲ ಸಲವೂ ಅದೇ ಹಗ್ಗಜಗ್ಗಾಟ, ಅದೇ ಸಂಗೀತ ಕುರ್ಚಿ. ನನಗೆ ಸಾಕಾಗಿದೆ ಶಾರದಾ" ಎಂದರು. "ಈ ಸಲ ಕಿಕ್‌ಬಾಲ್. ಅಲ್ಲಿ ನಾವು ಗುರುವಾರ ಸಂಜೆ ಟೀಚರುಗಳೆಲ್ಲ ಸೇರಿ ಆಡುತ್ತಿದ್ದೆವು. ಕಾರ್ಕಳದ ಮಂಡಳಿಯವರೂ ಒಪ್ಪಿದ್ದಾರೆ. ಒಂಬತ್ತು ಜನ ಬೇಕು, ಏಳು ಆಗಿದ್ದಾರೆ. ನೀನು ಎಂಟು."

"ನನಗೆ ಓಡಲಿಕ್ಕೆ ಆಗುವುದಿಲ್ಲ ಬಾಯಿ."

"ಯಾರಿಗೆ ಆಗುತ್ತದೆ? ಎಲ್ಲರೂ ನಿನ್ನ ಹಾಗೆಯೇ. ಬಾ."

ಒಂದು ಸಂಜೆಯಾದರೂ ಮನೆಯಿಂದ ಹೊರಗೆ ಇರಬಹುದಲ್ಲ ಎಂಬ ಆಸೆಗೆ ಹೋದೆ. ಬೇರೆ ಕಾರಣ ಇರಲಿಲ್ಲ.

ಮೈದಾನ ಹೆದ್ದಾರಿಗೂ ಕಡಲಿಗೂ ನಡುವೆ, ಅರ್ಧ ಮುರಕಲ್ಲಿನ ಕೆಂಪು ಮಣ್ಣು, ಅರ್ಧ ಕಡಲ ಹೊಯಿಗೆ. ಜೆಸಿಂತಾ ಬಾಯಿ ಗೋಣಿಚೀಲದ ತುಂಡುಗಳನ್ನು ಒದ್ದೆ ಮಾಡಿ ನಾಲ್ಕು ಮೂಲೆಗೆ ಹಾಸಿದರು; ಗಾಳಿಗೆ ಹಾರಬಾರದಲ್ಲ. ಒಂದು ಮೂಲೆ 'ಮನೆ'. ಉಳಿದ ಮೂರು, ಒಂದನೇ, ಎರಡನೇ, ಮೂರನೇ ಬೇಸು. ನಡುವೆ ನಿಂತವಳು ಚೆಂಡನ್ನು ನೆಲದ ಮೇಲೆ ಉರುಳಿಸುತ್ತಾಳೆ. ಮನೆಯ ಹತ್ತಿರ ನಿಂತವಳು ಅದನ್ನು ಒದ್ದು ಒಂದನೇ ಬೇಸಿಗೆ ಓಡುತ್ತಾಳೆ. ಮನೆಯಿಂದ ಒಂದನೇ, ಮೂರನೇ ಬೇಸಿನ ಕಡೆಗೆ ಎಳೆದ ಎರಡು ಗೆರೆಗಳ ಹೊರಗೆ ಹೋದ ಚೆಂಡು ಲೆಕ್ಕಕ್ಕಿಲ್ಲ. ಎಲ್ಲ ಬೇಸು ಮುಟ್ಟಿ ತಿರುಗಿ ಮನೆಗೆ ಬಂದರೆ ಒಂದು ಓಟ. ಕೇಳುವಾಗ ಇಷ್ಟೇ. ಆದರೆ ಮೊದಲ ದಿನ ಅರ್ಧ ಜನ ಬಲಕ್ಕೆ ಓಡಿದರೆ ಅರ್ಧ ಜನ ಎಡಕ್ಕೆ ಓಡಿದರು. ಅಂಗನವಾಡಿಯ ಸಹಾಯಕಿ ಗಿರಿಜಕ್ಕ ಚೆಂಡನ್ನು ಎತ್ತಿಕೊಂಡೇ ಓಡಿದಳು. ನಾನು ಒದ್ದ ರಭಸಕ್ಕೆ ಚಪ್ಪಲಿ ಚೆಂಡಿಗಿಂತ ದೂರ ಹೋಯಿತು. ಆಮೇಲಿಂದ ಬರಿಗಾಲಿನಲ್ಲೇ ಆಡಿದೆವು.

ವನಜಾ ಬಂದದ್ದು ಎರಡನೆಯ ಭಾನುವಾರ, ನನ್ನನ್ನು ಕರೆಯಲು. ಅಮ್ಮ ಕಳಿಸಿದ್ದಳು. ಕತ್ತಲಾಗುತ್ತಾ ಬಂದರೂ ನಾನು ಹೊರಟಿರಲಿಲ್ಲ. ಜೆಸಿಂತಾ ಬಾಯಿ ಅವಳನ್ನು ನೋಡಿ, "ಮೂರನೇ ಬೇಸಿನಲ್ಲಿ ಯಾರೂ ಇಲ್ಲ. ಸುಮ್ಮನೆ ಅಲ್ಲಿ ನಿಲ್ಲು ಮಗಾ, ಒಂದೇ ಒಂದು ಸಲ" ಎಂದರು. ಆ ದಿನಗಳಲ್ಲಿ ವನಜಾ ಯಾರು ಏನು ಹೇಳಿದರೂ ಹಾಗೇ ಮಾಡುತ್ತಿದ್ದಳು. ಹೋಗಿ ಗೋಣಿಯ ಮೇಲೆ ನಿಂತಳು. ಸೀರೆಯ ಸೆರಗನ್ನೂ ಸಿಕ್ಕಿಸಿಕೊಳ್ಳಲಿಲ್ಲ.

ಒದೆಯುವ ಸರದಿ ನನ್ನದಾಗಿತ್ತು. ಚೆಂಡು ಮೇಲಕ್ಕೆ ಎದ್ದು ಸೀದಾ ಅವಳ ಕಡೆಗೆ ಹೋಯಿತು. ಅವಳು ಎರಡು ಕೈಯನ್ನೂ ಎದೆಯ ಹತ್ತಿರ ತಂದು ಅದನ್ನು ಹಿಡಿದಳು. ಎಲ್ಲರೂ ಕೂಗಿದರು. ಅವಳಿಗೆ ಹೆದರಿಕೆಯಾಯಿತು.

"ಎಂತ ಆಯ್ತು ಅಕ್ಕ?" ಎಂದು ನನ್ನನ್ನೇ ಕೇಳಿದಳು.

"ನೆಲಕ್ಕೆ ಬೀಳುವ ಮೊದಲು ಹಿಡಿದೆಯಲ್ಲ. ನಾನು ಔಟು."

"ನೀವಾ?"

"ಹ್ಞೂಂ. ನಾನೇ."

ಅವಳು ನಕ್ಕಳು. ಬಾಯಿ ಮುಚ್ಚಿಕೊಳ್ಳಲು ಕೈ ಖಾಲಿ ಇರಲಿಲ್ಲ, ಚೆಂಡಿತ್ತು. ನಾಲ್ಕು ತಿಂಗಳ ಮೇಲೆ ಕೇಳಿದ ಆ ನಗು ಸ್ವಲ್ಪ ಒಡಕಾಗಿತ್ತು. ನಾನು ಒಂದನೇ ಬೇಸಿನ ಅರ್ಧ ದಾರಿಯಲ್ಲಿ ಹಾಗೇ ನಿಂತುಬಿಟ್ಟೆ.

ಆಮೇಲೆ ಪ್ರತಿ ಭಾನುವಾರ ಅವಳೂ ಬಂದಳು. ಅವಳೇ ಒಂಬತ್ತನೆಯವಳಾದಳು. ಶಾಲೆಯಲ್ಲಿದ್ದಾಗ ಓಟದಲ್ಲಿ ಮುಂದಿದ್ದವಳಂತೆ, ನಮಗೆ ಹೇಳಿಯೇ ಇರಲಿಲ್ಲ, ನಾವೂ ಕೇಳಿರಲಿಲ್ಲ. ಮಂಡಳಿಯ ಮೀಟಿಂಗ್ ಎಂದು ಅಮ್ಮನಿಗೆ ಹೇಳಿ ಹೋಗುತ್ತಿದ್ದೆವು. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ.

ಕಾಪು ಸಣ್ಣ ಊರು. ಮೀನು ತರುವ ಕಲ್ಯಾಣಿಯಕ್ಕ ಒಂದು ಬೆಳಿಗ್ಗೆ ಬುಟ್ಟಿ ಇಳಿಸುತ್ತಾ ಅಮ್ಮನಿಗೆ ಹೇಳಿದಳಂತೆ. ಅವಳು ಕೆಟ್ಟ ಮನಸ್ಸಿನಿಂದ ಹೇಳಿರಲಿಕ್ಕಿಲ್ಲ. ಆ ಭಾನುವಾರ ನಾವು ಹಿಂದಿರುಗಿದಾಗ ಅಮ್ಮ ಅಡುಗೆಕೋಣೆಯ ಹೊಸ್ತಿಲಲ್ಲಿ ಕುಳಿತಿದ್ದಳು. ನಮ್ಮ ಕಾಲುಗಳಲ್ಲಿ ಕೆಂಪು ಮಣ್ಣಿತ್ತು.

"ಗಂಡ ನೀರಿನಲ್ಲಿ ಇರುವಾಗ ಹೆಂಡತಿ ಚೆಂಡು ಒದೆಯುತ್ತಾಳಂತೆ, ನಗುತ್ತಾಳಂತೆ" ಎಂದಳು ಅಮ್ಮ. ಸ್ವರ ಎತ್ತಲಿಲ್ಲ. "ಅವನು ಬಂದು ಕೇಳಿದರೆ ನಾನು ಎಂತ ಹೇಳಲಿ?"

ಮನೆಯಲ್ಲಿ ನಾವು ಮಾತಾಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆದರೆ ವನಜಾ ಆಗ ಹೇಳಿದ ಮಾತು ಯಾವ ಭಾಷೆಯಲ್ಲಿ ಬರೆದರೂ ಅಷ್ಟೇ.

"ಅತ್ತೆ, ಅವರು ಬರುವುದಿಲ್ಲ."

ಆ ಮಾತನ್ನು ನಾವು ಯಾರೂ ಹೇಳಿರಲಿಲ್ಲ. ತಂಡೇಲ ಹೇಳಿರಲಿಲ್ಲ, ಊರಿನ ಹಿರಿಯರು ಹೇಳಿರಲಿಲ್ಲ, ನಾನು ನನಗೇ ಹೇಳಿಕೊಂಡಿರಲಿಲ್ಲ.

"ಹೇಳಲಿಕ್ಕೆ ನಿನಗೆ ಬಾಯಿ ಬಂತಲ್ಲ" ಎಂದಳು ಅಮ್ಮ. ಗೋಡೆ ಹಿಡಿದು ಎದ್ದು ಒಳಗೆ ಹೋದಳು.

ನನಗೆ ಅಮ್ಮನ ಹಿಂದೆ ಹೋಗಬೇಕೋ ವನಜಾಳ ಹತ್ತಿರ ನಿಲ್ಲಬೇಕೋ ತಿಳಿಯಲಿಲ್ಲ. ದುಃಖಕ್ಕಿಂತ ಮೊದಲು ಎದೆ ಹಗುರವಾಯಿತು. ಯಾರೋ ಕೊನೆಗೂ ಹೇಳಿದರಲ್ಲ ಎಂದು. ಮರುಕ್ಷಣವೇ ನಾಚಿಕೆಯಾಯಿತು. ಬಚ್ಚಲಿಗೆ ಹೋಗಿ ಕಾಲು ತೊಳೆದೆ.

ಅಮ್ಮ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ವನಜಾಳೊಂದಿಗೆ ಮಾತಂತೂ ಇಲ್ಲ. ಅವಳು ಬಡಿಸಿದ ಗಂಜಿಯನ್ನು ಮುಟ್ಟದೆ, ನಾನು ಬಡಿಸಿದರೆ ನಾಲ್ಕು ತುತ್ತು ತೆಗೆದುಕೊಳ್ಳುತ್ತಿದ್ದಳು. ಕಡಲ ಬದಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ವನಜಾ ಆಟಕ್ಕೆ ಹೋಗುವುದನ್ನು ನಿಲ್ಲಿಸಿದಳು. ನಾನೂ ನಿಲ್ಲಿಸಿದೆ. ತಾಯಿಮನೆಗೆ ಹೋಗಿ ಸ್ವಲ್ಪ ದಿನ ಇದ್ದು ಬಾ ಎಂದರೆ, "ಈಗ ಹೋದರೆ ಮತ್ತೆ ಬರುವುದು ಹೇಗೆ ಅಕ್ಕ?" ಎಂದಳು.

ಮುಂದಿನ ಭಾನುವಾರ ಮಧ್ಯಾಹ್ನದ ಮೇಲೆ ಜೆಸಿಂತಾ ಬಾಯಿ ನಮ್ಮ ಮನೆಗೆ ಬಂದರು. ಕೈಚೀಲದಲ್ಲಿ ಮಟ್ಟುಗುಳ್ಳ ಇತ್ತು, ದುಂಡಗಿನ ಬದನೆ, ಅವರ ತಂಗಿಯ ಹಿತ್ತಿಲಿನದ್ದು. ಅಮ್ಮ ಜಗಲಿಯಲ್ಲಿ ಕುಳಿತು ಗುಡಿಸುವ ಹಿಡಿಸೂಡಿಗೆಂದು ತೆಂಗಿನ ಗರಿ ಸೀಳುತ್ತಿದ್ದಳು. ಬದಿಯಲ್ಲಿ ಒಲೆಗೆ ಹಾಕಲು ಇಟ್ಟ ತೆಂಗಿನ ಗೆರಟೆಗಳ ರಾಶಿ. ಜೆಸಿಂತಾ ಬಾಯಿ ಅವಳ ಎದುರು ನೆಲದ ಮೇಲೆಯೇ ಕುಳಿತರು. ಒಳಗೆ ಬಾಗಿಲ ಮರೆಯಲ್ಲಿ ನಾವಿಬ್ಬರು.

ಸುಕೇಶನ ಬಗ್ಗೆ ಅವರು ಒಂದು ಮಾತೂ ಎತ್ತಲಿಲ್ಲ. ಮೀನಿನ ರೇಟು, ಮಂಜು ಬೀಳುವುದು, ಮಣಿಪಾಲದಲ್ಲಿ ತಮ್ಮ ಕಣ್ಣು ತೋರಿಸಿದ್ದು, ಹೀಗೆ ಏನೇನೋ ಮಾತಾಡಿದರು. ಕೊನೆಗೆ ಅಮ್ಮನೇ ಕೇಳಿದಳು.

"ಅದು ಎಂತ ಆಟ ಬಾಯಮ್ಮ? ಹೆಂಗಸರು ಕಾಲೆತ್ತಿ ಒದೆಯುವುದು?"

ಜೆಸಿಂತಾ ಬಾಯಿ ನಾಲ್ಕು ಗೆರಟೆಗಳನ್ನು ಎತ್ತಿ ಜಗಲಿಯ ಮೇಲೆ ಚೌಕವಾಗಿ ಕವುಚಿ ಇಟ್ಟರು. ಚೀಲದಿಂದ ಒಂದು ಗುಳ್ಳವನ್ನು ತೆಗೆದರು. "ಇದು ಮನೆ. ಇಲ್ಲಿಂದ ಒದೆಯುವುದು. ಒದ್ದು ಈ ಗೆರಟೆಗೆ ಓಡಬೇಕು. ಅವಳು ಮುಟ್ಟುವ ಮೊದಲು ಚೆಂಡು ಅಲ್ಲಿ ನಿಂತವಳ ಕೈಗೆ ಬಂದರೆ ಇವಳು ಔಟು. ಮೂರು ಜನ ಔಟಾದರೆ ಆಚೆಯವರು ಒದೆಯಲಿಕ್ಕೆ ಬರುತ್ತಾರೆ, ನಾವು ಹಿಡಿಯಲಿಕ್ಕೆ ಹೋಗುವುದು."

"ಅಷ್ಟೇನಾ?"

"ಓಡುವಾಗ ಮೈಗೆ ಚೆಂಡು ಹೊಡೆದರೂ ಔಟು."

"ತಲೆಗೆ ಬಿದ್ದರೆ?"

"ತಲೆಗೆ ಹೊಡೆಯುವ ಹಾಗಿಲ್ಲ. ಭುಜದಿಂದ ಕೆಳಗೆ. ತಲೆಗೆ ಹೊಡೆದರೆ ಹೊಡೆದವಳದ್ದೇ ತಪ್ಪು, ಓಡಿದವಳು ಉಳಿಯುತ್ತಾಳೆ."

"ಹಾಗಾದರೆ ಅದು ನಮ್ಮ ಲಗೋರಿಯೇ" ಎಂದಳು ಅಮ್ಮ. ಗರಿ ಸೀಳುವ ಕತ್ತಿಯನ್ನು ಕೆಳಗಿಟ್ಟಿದ್ದಳು. "ನಾವು ಬಟ್ಟೆಯ ಚೆಂಡಿನಲ್ಲಿ ಆಡುತ್ತಿದ್ದೆವು. ನನ್ನ ಅಣ್ಣಂದಿರಿಗೆ ನಾನು ಹೊಡೆದ ಪೆಟ್ಟು ಉಂಟಲ್ಲ, ಬೆನ್ನು ಕೆಂಪಾಗುತ್ತಿತ್ತು."

"ಅದೇ ನೋಡಿ."

ಅಮ್ಮ ಗುಳ್ಳವನ್ನು ತಾನೇ ತೆಗೆದುಕೊಂಡು ಎರಡನೆಯ ಗೆರಟೆಯ ಹತ್ತಿರ ಹಿಡಿದಳು. "ಇಲ್ಲಿಯವರೆಗೆ ಬಂದು ನಿಂತವಳು ಮತ್ತೆ ಯಾವಾಗ ಹೊರಡುವುದು?"

"ಅವಳ ಕಡೆಯ ಇನ್ನೊಬ್ಬಳು ಒದ್ದ ಮೇಲೆ. ಅದಕ್ಕಿಂತ ಮೊದಲು ಕಾಲು ತೆಗೆಯುವ ಹಾಗಿಲ್ಲ. ಒದ್ದ ಚೆಂಡನ್ನು ಯಾರಾದರೂ ಮೇಲೆಯೇ ಹಿಡಿದರೆ ಓಡಿದವಳು ತಿರುಗಿ ಹಳೇ ಬೇಸಿಗೆ ಹೋಗಬೇಕು. ಹೋಗದಿದ್ದರೆ ಅವಳೂ ಔಟು."

ಅಮ್ಮ ಗುಳ್ಳವನ್ನು ಕೈಯಲ್ಲಿ ತಿರುಗಿಸಿದಳು. ಆಮೇಲೆ ಒಳಗೆ ತಿರುಗದೆ, ಆದರೆ ಒಳಗಿದ್ದವರಿಗೆ ಕೇಳಿಸುವ ಹಾಗೆ ಹೇಳಿದಳು: "ಸೀರೆಯಲ್ಲಿ ಓಡಿದರೆ ಕಾಲಿಗೆ ಸಿಕ್ಕುತ್ತದೆ. ಚೂಡಿದಾರ ಹಾಕಿಕೊಂಡು ಹೋಗಲಿಕ್ಕೆ ಹೇಳಿ ಅವಳಿಗೆ."

ಕಾರ್ಕಳಕ್ಕೆ ಹೋದದ್ದು ಜನವರಿಯ ಕೊನೆಗೆ, ಒಂದು ಟೆಂಪೋದಲ್ಲಿ, ಉಡುಪಿಯ ಮೇಲಾಗಿ. ಹಿಂದಿನ ಇಡೀ ವಾರ ಅಂಗಡಿಯಲ್ಲಿ ಮದುವೆ ಸೀಸನ್ನಿನ ರಶ್ಶು. ಹಿರಿಯಡ್ಕ ದಾಟುವವರೆಗೂ ನಾನು ವನಜಾಳ ಭುಜಕ್ಕೆ ಒರಗಿ ನಿದ್ದೆ ಮಾಡಿದೆ. ಅವಳು ತನ್ನ ತಾಯಿಮನೆಯ ಅಡ್ಡದಾರಿ ಹಿಂದೆ ಹೋಗುವುದನ್ನು ನೋಡಿದಳೋ ಇಲ್ಲವೋ ಗೊತ್ತಿಲ್ಲ.

ಕಾರ್ಕಳದ ಹೆಂಗಸರು ನಮಗಿಂತ ಗಟ್ಟಿ. ಜೆಸಿಂತಾ ಬಾಯಿ ಫೋನಿನಲ್ಲಿ ಕಳಿಸಿದ ನಿಯಮಗಳನ್ನೆಲ್ಲ ಪಾಠದ ಹಾಗೆ ಕಲಿತಿದ್ದರು. ಕಲ್ಲಿನ ಊರಿನ ಬಿಸಿಲು, ಕಾಲಿನಡಿ ಕಾದ ನೆಲ. ಗಿರಿಜಕ್ಕನಿಗೆ ತಾಗಿದ ಚೆಂಡು ಭುಜಕ್ಕೆ ತಾಗಿತೋ ಕುತ್ತಿಗೆಗೆ ತಾಗಿತೋ ಎಂದು ಎರಡೂ ಕಡೆಯವರು ವಾದ ಮಾಡಿ ಆಟ ಸ್ವಲ್ಪ ಹೊತ್ತು ನಿಂತಿತ್ತು. ಕೊನೆಯ ಸರದಿಯಲ್ಲಿ ನಾವು ಒಂದು ಓಟ ಹಿಂದೆ ಇದ್ದೆವು. ನಮ್ಮಲ್ಲಿ ಒಬ್ಬಳು ಔಟಾಗಿದ್ದಳು. ವನಜಾ ಚೆನ್ನಾಗಿ ಒದ್ದು, ಚೆನ್ನಾಗಿ ಓಡಿ, ಮೂರನೇ ಬೇಸಿನಲ್ಲಿ ನಿಂತಿದ್ದಳು. ಒದೆಯುವ ಸರದಿ ನನ್ನದು.

ನಾನು ಒದ್ದೆ. ಜೋರಾಗಿಯೇ ಒದ್ದೆ, ಆದರೆ ಚೆಂಡು ಮೇಲೆ ಹೋಯಿತು. ವನಜಾ ನನ್ನ ಕಾಲು ತಾಗಿದ ಕ್ಷಣವೇ ಹೊರಟಿದ್ದಳು. ಎರಡನೇ ಬೇಸಿನ ಹುಡುಗಿ ಹಿಂದೆ ಹಿಂದೆ ಹೋಗಿ ಚೆಂಡನ್ನು ಹಿಡಿದುಬಿಟ್ಟಳು. ನಾನು ಔಟು.

"ಹಿಂದೆ ಹೋಗು ವನಜಾ, ಹಿಂದೆ ಹೋಗು" ಎಂದು ಜೆಸಿಂತಾ ಬಾಯಿ ಕೂಗಿದರು. ನಾವೆಲ್ಲ ಕೂಗಿದೆವು. ಸಮಯ ಇತ್ತು. ಆ ಹುಡುಗಿ ಚೆಂಡು ಹಿಡಿದ ಖುಷಿಯಲ್ಲಿ ಎಸೆಯುವುದನ್ನೇ ಮರೆತು ನಿಂತಿದ್ದಳು. ಆದರೆ ವನಜಾ ತಿರುಗಲಿಲ್ಲ. ಅದೇ ವೇಗದಲ್ಲಿ ಓಡಿ ಬಂದು ಮನೆಯ ಗೋಣಿಯ ಮೇಲೆ ಎರಡೂ ಕಾಲಿಟ್ಟು ನಿಂತಳು. ಉಸಿರು ಎಳೆಯುತ್ತಾ ಅಲ್ಲೇ ನಿಂತಳು. ಆಚೆಯವರಿಗೆ ನೆನಪಾಗಿ ಚೆಂಡನ್ನು ಮೂರನೇ ಬೇಸಿಗೆ ಎಸೆದರು. ಮೂರನೆಯ ಔಟು. ನಾವು ಸೋತೆವು.

ಯಾರೂ ಅವಳನ್ನು ಬೈಯಲಿಲ್ಲ. ಗಿರಿಜಕ್ಕ ನೀರಿನ ಬಾಟಲಿ ಕೊಟ್ಟಳು. ಹಿಂದಿರುಗುವಾಗ ಟೆಂಪೋದಲ್ಲಿ ಎಲ್ಲರೂ ತೂಕಡಿಸುತ್ತಿದ್ದಾಗ ವನಜಾ ಮೆಲ್ಲಗೆ ಹೇಳಿದಳು, "ನೀವು ಕೂಗಿದ್ದು ನನಗೆ ಕೇಳಿಸಿತ್ತು ಅಕ್ಕ."

"ಮತ್ತೆ?"

"ಹಿಂದೆ ಹೋಗಲಿಕ್ಕೆ ಆಗಲಿಲ್ಲ. ಮನಸ್ಸು ಬರಲಿಲ್ಲ."

ನಾನು ಅವಳ ಕೈ ಹಿಡಿದುಕೊಂಡೆ. ಅವಳ ಅಂಗೈ ಒರಟಾಗಿತ್ತು, ಬಿಸಿಯಾಗಿತ್ತು.

ಮನೆಗೆ ಬಂದಾಗ ಅಮ್ಮ ಕೇಳಿದಳು, "ಎಂತ ಆಯ್ತು?"

"ಸೋತೆವು ಅತ್ತೆ. ನನ್ನಿಂದ" ಎಂದಳು ವನಜಾ.

"ಕೈಕಾಲು ತೊಳೆದು ಬಾ. ಗಂಜಿ ಆರುತ್ತದೆ."

ಎಷ್ಟೋ ವಾರಗಳ ಮೇಲೆ ಅಮ್ಮ ಅವಳೊಂದಿಗೆ ನೇರವಾಗಿ ಆಡಿದ ಮಾತು ಅದು. ಇಬ್ಬರೂ ಎದುರುಬದುರು ಕುಳಿತು ಉಂಡರು. ಚೆಂಡನ್ನು ಯಾರು ಹಿಡಿದದ್ದು, ಎಲ್ಲಿ ನಿಂತು ಹಿಡಿದದ್ದು ಎಂದು ಅಮ್ಮ ಕೇಳುತ್ತಿದ್ದಳು. ವನಜಾ ಗಂಜಿಯ ಬಟ್ಟಲಿನ ಸುತ್ತ ಉಪ್ಪಿನಕಾಯಿಯ ಮಿಡಿಗಳನ್ನಿಟ್ಟು ತೋರಿಸುತ್ತಿದ್ದಳು.

ಸೆಕೆ ಏರಿ, ಮತ್ತೆ ಮಳೆಯ ಮೋಡ ಕಾಣಲು ಶುರುವಾದಾಗ ಅಮ್ಮ ತಾನಾಗಿಯೇ ಹೇಳಿದಳು. ಮಳೆ ಹಿಡಿಯುವ ಮುಂಚೆ ಸುಕೇಶನ ಕೊನೆಯ ಕೆಲಸ ಮಾಡಿಬಿಡುವ, ಇನ್ನು ಇಟ್ಟುಕೊಳ್ಳುವುದು ಬೇಡ, ಎಂದು. ದೇಹ ಸಿಗದವರಿಗೆ ದರ್ಭೆಯಿಂದ ಆಕಾರ ಮಾಡಿ ಕರ್ಮ ಮಾಡುವ ಕ್ರಮ ಉಂಟಂತೆ. ಚಿಕ್ಕಪ್ಪನ ಮಗ ಕುಳಿತು ಮಾಡಿದ. ಹುಲ್ಲಿನ ಆ ಆಕಾರ ಮೊಣಕೈಯಷ್ಟು ಉದ್ದವೂ ಇರಲಿಲ್ಲ. ನನ್ನ ತಮ್ಮ ಆರಡಿ ಎತ್ತರದವನು. ಅದನ್ನು ನೋಡಿದಾಗ ನನಗೆ ಅಳು ಬಂತು, ಅಷ್ಟು ತಿಂಗಳಲ್ಲಿ ಮೊದಲ ಸಲ ನಿಜವಾದ ಅಳು.

ಕೆಲಸ ಮುಗಿದ ಮೇಲೆ ಸಂಬಂಧಿಕರಲ್ಲಿ ಹಿರಿಯ ಹೆಂಗಸೊಬ್ಬರು ವನಜಾಳ ಕೈ ಹಿಡಿದು ಬಳೆಯ ಕಡೆಗೆ ಬೆರಳು ತಂದರು. ಅಮ್ಮ ಅಡ್ಡ ಬಂದಳು.

"ಬಳೆ ಇರಲಿ" ಎಂದಳು.

"ಕ್ರಮ ಅಲ್ವಾ ಅದು?"

"ಅದು ಅವಳ ತಾಯಿ ಹಾಕಿದ ಬಳೆ. ನನ್ನ ಮಗ ಹಾಕಿದ್ದಲ್ಲ. ಇರಲಿ."

ಆ ಹೆಂಗಸು ಕೈ ಬಿಟ್ಟರು.

ಬಂದವರೆಲ್ಲ ಊಟ ಮಾಡಿ ಹೋದ ಮೇಲೆ ನಾವು ಮೂವರೂ ಚಾವಡಿಯ ನೆಲದ ಮೇಲೆ ಹಾಗೇ ಮಲಗಿದೆವು. ಚಾಪೆಯನ್ನೂ ಹಾಸಿಕೊಳ್ಳಲಿಲ್ಲ. ಪಾತ್ರೆಗಳು ಬಾವಿಕಟ್ಟೆಯಲ್ಲಿ ತೊಳೆಯದೆ ಬಿದ್ದಿದ್ದವು. ಅಂಥ ನಿದ್ದೆ ನನಗೆ ಆ ವರ್ಷವಿಡೀ ಬಂದಿರಲಿಲ್ಲ. ಎಚ್ಚರವಾದಾಗ ಬೆಳಕು ಇಳಿಮುಖವಾಗಿತ್ತು. ಅಮ್ಮ ಎದ್ದು ಚಹಾ ಮಾಡಿ, ಮೂರು ಲೋಟ ತಂದು ನಮ್ಮ ನಡುವೆ ಇಟ್ಟು ಕುಳಿತಿದ್ದಳು. ಕಡಲ ಬದಿಗೆ ಹೋಗುವ ಹೊತ್ತು ದಾಟಿತ್ತು.

ವನಜಾ ಕಣ್ಣುಜ್ಜುತ್ತಾ ಎದ್ದು ಕುಳಿತಳು. ಕೆನ್ನೆಯ ಮೇಲೆ ಬಳೆಯ ಗುರುತು ಮೂಡಿತ್ತು. ಅಮ್ಮ ಅವಳ ಕಡೆಗೆ ತಿರುಗಿದಳು.

"ನಿನಗೆ ಈಗ ಎಷ್ಟು ಪ್ರಾಯ ಮಗಾ?"

"ಇಪ್ಪತ್ತೊಂಬತ್ತು ಅತ್ತೆ."

"ಸಣ್ಣ ಪ್ರಾಯ" ಎಂದು ಅಮ್ಮ ಲೋಟವನ್ನು ಅವಳ ಕಡೆಗೆ ಸರಿಸಿದಳು.